ರೀ, ಹೊಸ ಮನುಷ್ಯರೇ

ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗೋಡೆ ಕಟ್ಟುವ ಮೇಸ್ತ್ರಿಯಲ್ಲ, ಹಲ್ಲು ಕಟ್ಟುವ ಮೇಸ್ತ್ರಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಅವನ ವರ್ಕ್‌ಶಾಪು. ಕೆಳಗೆ ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದರೆ, ಮೇಲೆ ಅವನು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಗುಲಾಬಿ ಬಣ್ಣದ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಪೂರ್ತಿ ಸೆಟ್ಟು ತಯಾರು ಮಾಡುತ್ತಿದ್ದ. ಅವನು ಕಟ್ಟಿದ ಹಲ್ಲನ್ನು ಸ್ವಂತ ಹಲ್ಲೆಂದು ನಂಬಿಸಿ ಎರಡನೇ ಮದುವೆಯಾದವರೂ ಇದ್ದರಂತೆ.

ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ಡಾಕ್ಟರು ಕೂಡ ಮೆಟ್ಟಿಲು ಹತ್ತುವ ಮೊದಲು ಕೆಳಗಿನಿಂದಲೇ ಒಮ್ಮೆ ಕೆಮ್ಮಿ, ಮೇಲಿನ ಹವಾಮಾನ ಹೇಗಿದೆ ಎಂದು ತಿಳಿದುಕೊಂಡು ಹೆಜ್ಜೆ ಇಡುತ್ತಿದ್ದರು. ಅವನಿಗೆ ಹೆದರದವರು ಇಬ್ಬರೇ. ಹೆಂಡತಿಗೆ ಮೂವತ್ತು ವರ್ಷದಲ್ಲಿ ಅಭ್ಯಾಸವಾಗಿಹೋಗಿತ್ತು. ಅವನ ಜೊತೆಯಲ್ಲೇ ಹಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡುತ್ತಿದ್ದ ಮಗಳಿಗೆ ಅಪ್ಪನ ನಾಲಿಗೆಯೇ ಬಂದಿತ್ತು.

ಇಂಥವನ ಹತ್ತಿರ ಒಂದು ಗುರುವಾರ ಬೆಳಿಗ್ಗೆ ಡಾಕ್ಟರು ಒಬ್ಬ ಮುದುಕರನ್ನು ಕಳಿಸಿಕೊಟ್ಟರು. ಎರಡು ಬೀದಿ ಆಚೆ, ಮುಚ್ಚಿಹೋದ ಪ್ರೆಸ್ಸೊಂದರ ಹಾಲಿನಲ್ಲಿ ಭಾನುವಾರ ಸೇರುವ ಕ್ರೈಸ್ತ ಸಭೆಯ ಪಾಸ್ಟರು ಅವರು. ಬೇರೆಲ್ಲೋ ಕಟ್ಟಿಸಿಕೊಂಡ ಹೊಸ ಹಲ್ಲು ಹಾಕಿದ್ದರು. ಕೂತವರೇ ಬಾಯಿ ತೆರೆದು, "ನಮಸ್ಕಾರ ಮೇಸ್ತ್ರಿ, ಒಂದು ಸಮಸ್ಯೆ" ಎಂದರು. ಒಂದೊಂದು 'ಸ'ಕ್ಕೂ ಸಣ್ಣಗೆ ಒಂದೊಂದು ಸೀಟಿ ಹೊರಟಿತು. ಮೂಲೆಯಲ್ಲಿದ್ದ ಮಗಳು ಪಾಲಿಶ್ ಯಂತ್ರ ಆರಿಸಿ ತಿರುಗಿ ನೋಡಿದಳು.

"ಯೇಸು ಅಂದ್ರೆ ಸಾಕು, ಸೀಟಿ" ಎಂದರು ಪಾಸ್ಟರು. "ಮುಂದಿನ ಸಾಲಿನ ಮಕ್ಕಳು ಅದಕ್ಕೇ ಕಾಯ್ತಾ ಕೂತಿರ್ತಾರೆ. ಈಗ ಮೂರು ವಾರದಿಂದ ಪ್ರಭು, ಕರ್ತ, ಕುರುಬ ಅಂತ ಸುತ್ತಿ ಬಳಸಿ ಹೇಳ್ತಿದ್ದೀನಿ. ಕೆಲಸ ಕೊಟ್ಟವನ ಹೆಸರೇ ಹೇಳೋಕಾಗದೆ ಕೆಲಸ ಮಾಡೋದು ಹೇಗೆ, ನೀವೇ ಹೇಳಿ."

"ಅದನ್ನ ಕಟ್ಟಿದವನ ಕೈಗೆ ಏನು ಬಂದಿತ್ತು ರೋಗ?" ಎಂದ ಮೇಸ್ತ್ರಿ, ಹಲ್ಲನ್ನು ಬೆಳಕಿಗೆ ಹಿಡಿದು. "ಮುಂದಿನ ಹಲ್ಲಿನ ಹಿಂದೆ ಇಷ್ಟು ದಪ್ಪ ಬಿಟ್ಟಿದ್ದಾನೆ. ನಾನು ಸ್ವಲ್ಪ ಸ್ವಲ್ಪ ಉಜ್ತೀನಿ, ನೀವು ಹಾಕ್ಕೊಂಡು ಜೋರಾಗಿ ಓದಿ. ಏನಾದ್ರೂ ಓದಿ, ಸಕಾರ ಇದ್ರೆ ಆಯ್ತು."

ಪಾಸ್ಟರ ಚೀಲದಲ್ಲಿ ಇದ್ದದ್ದು ಒಂದೇ ಪುಸ್ತಕ. ಅದನ್ನೇ ತೆಗೆದು ಓದಿದರು. ಮೇಸ್ತ್ರಿ ತಲೆ ಓರೆ ಮಾಡಿ ಸಕಾರಗಳನ್ನಷ್ಟೇ ಕೇಳಿಸಿಕೊಂಡ. ಉಜ್ಜಿದ, ಕೊಟ್ಟ, ಮತ್ತೆ ಓದಿಸಿದ. ಯೇಸು ಒಂದು ಊರಿಗೆ ಬರುತ್ತಾನೆ. ಜನವೋ ಜನ. ಆ ಊರಲ್ಲಿ ಒಬ್ಬ ಕುಳ್ಳ, ಸುಂಕದ ಹೆಸರಲ್ಲಿ ಜನರನ್ನು ಸುಲಿದು ಯಾರಿಗೂ ಬೇಡವಾದವನು. ಜನರ ಹಿಂದೆ ನಿಂತರೆ ಏನೂ ಕಾಣದೆಂದು ದಾರಿ ಬದಿಯ ಮರ ಹತ್ತಿ ಕೂರುತ್ತಾನೆ. ಯೇಸು ಸರಿಯಾಗಿ ಆ ಮರದ ಕೆಳಗೇ ನಿಂತು, ತಲೆಯೆತ್ತಿ, ಅವನ ಹೆಸರು ಹಿಡಿದು ಕರೆದು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರುತ್ತೇನೆ ಎನ್ನುತ್ತಾನೆ.

ಪಾಸ್ಟರು ಅಲ್ಲಿಗೆ ನಿಲ್ಲಿಸಿ, "ಸೀಟಿ ಬಂತಾ?" ಎಂದರು.

"ಸೀಟಿ ಹಾಳಾಗ್ಲಿ. ಆ ಕುಳ್ಳ ಇಳಿದನಾ?"

"ಇಳಿದ. ಬಿದ್ದಂಬೀಳ ಇಳಿದ."

"ಹೆಸರು ಹೇಗೆ ಗೊತ್ತಿತ್ತು ಇವರಿಗೆ?"

"ಅದೇ ಸ್ವಾರಸ್ಯ" ಎಂದರು ಪಾಸ್ಟರು. ಎರಡು ಸಕಾರ, ಎರಡೂ ಹೆಚ್ಚುಕಡಿಮೆ ಸ್ವಚ್ಛ.

ಮೇಸ್ತ್ರಿಯೂ ಕುಳ್ಳನೇ. ಪಾಸ್ಟರು ಹೋದ ಮೇಲೆ ಅವನು ಬೆಂಚಿನ ಮುಂದೆ ಕೂತು, ತನ್ನ ಹೆಸರು ಹಿಡಿದು ಕೊನೆಯ ಸಲ ಕರೆದವರು ಯಾರು ಎಂದು ಲೆಕ್ಕ ಹಾಕಿದ. ಅಪ್ಪ ಇದ್ದಷ್ಟು ದಿನ ಏಯ್ ಎನ್ನುತ್ತಿದ್ದ. ಕೆಲಸ ಕಲಿಸಿದವರು ಲೇ ಕುಳ್ಳ ಎಂದರು. ಹೆಂಡತಿ ರೀ ಎಂದಳು. ಊರೆಲ್ಲ ಮೇಸ್ತ್ರಿ ಎಂದಿತು. ಬಹುಶಃ ಶಾಲೆಯ ಹಾಜರಿ ಪುಸ್ತಕವೇ ಕೊನೆ.

"ಮುಂದಿನ ಗುರುವಾರ ಬನ್ನಿ, ಇನ್ನೂ ಸ್ವಲ್ಪ ಉಜ್ಜೋದಿದೆ" ಎಂದು ಅವರಿಗೆ ಹೇಳಿಕಳಿಸಿದ್ದ. ಆ ಗುರುವಾರ ಇನ್ನೊಂದು ಗುರುವಾರಕ್ಕೆ ಹೋಯಿತು, ಅದು ಮತ್ತೊಂದಕ್ಕೆ. ಪಾಸ್ಟರು ಬರುವರು, ಮೇಸ್ತ್ರಿ ಹಲ್ಲಿಗೆ ಉಜ್ಜುಗಾಗದ ಮುಟ್ಟಿಸಿದ ಹಾಗೆ ಮಾಡಿ "ಓದಿ" ಎನ್ನುವನು, ಅವರು ಓದುವರು. ಕುಂಟರು ನಡೆದರು, ಬಿರುಗಾಳಿ ನಿಂತಿತು, ಯೇಸುವನ್ನು ಶಿಲುಬೆಗೆ ಹಾಕಿದರು. ಅವತ್ತು ಮೇಸ್ತ್ರಿ ಯಾರೊಬ್ಬರ ಅಚ್ಚಿನ ಮೇಲೂ ಕೈಯಿಡಲಿಲ್ಲ. ಮೂರನೇ ದಿನ ಯೇಸು ಸಮಾಧಿಯಿಂದ ಎದ್ದು ಬಂದ ಕಥೆ ಕೇಳಲು ಏಳು ದಿನ ಕಾಯಬೇಕಾಯಿತು.

"ಅಪ್ಪ, ಆ ಹಲ್ಲನ್ನ ಇನ್ನೂ ಉಜ್ಜಿದ್ರೆ ಕಾಗದ ಆಗುತ್ತೆ" ಎಂದಳು ಮಗಳು.

ಪಾಸ್ಟರು ನಕ್ಕರು. "ಹಲ್ಲು ಸರಿಹೋಗಿ ಒಂದು ತಿಂಗಳಾಯ್ತಲ್ಲ ಮೇಸ್ತ್ರಿ. ನನಗೂ ಗೊತ್ತು, ನಿಮಗೂ ಗೊತ್ತು. ಈಗ ಏನು, ಕೇಳಿಬಿಡಿ."

ಮೇಸ್ತ್ರಿ ಕೈಗಂಟಿದ ಮೇಣ ಕೀಳತೊಡಗಿದ. "ನಾನು ಎಂಥ ಮನುಷ್ಯ ಅಂತ ನಿಮಗೆ ಗೊತ್ತಿಲ್ಲ."

"ಕೆಳಗಿನ ಮಹಡೀಲಿ ಕಾಯ್ತಾ ಕೂತಿದ್ದಾಗ ಕೇಳಿಸಿದೆ."

"ಇಂಥವನ ಮನೆಗೂ ಬರ್ತಾನಾ ಅವನು?"

"ಇಂಥವನ ಮನೆಗೇ ಬಂದದ್ದು. ಊರಲ್ಲಿ ಒಳ್ಳೆಯವರಿಗೇನು ಬರವಿತ್ತಾ? ಮರದ ಮೇಲಿದ್ದವನನ್ನ ಇಳಿಸಿಕೊಂಡು ಹೋದ. ನೀನು ಸರಿಹೋಗು, ಆಮೇಲೆ ಬರ್ತೀನಿ ಅನ್ನಲಿಲ್ಲ."

ಆ ಮೇಲೆ ಇಬ್ಬರೂ ಬೆಂಚಿನ ಪಕ್ಕ ಕೂತು ಪ್ರಾರ್ಥನೆ ಮಾಡಿದರು. ಕಣ್ಣಿಗೆ ಪ್ಲಾಸ್ಟರ್ ಪುಡಿ ಬಿತ್ತು ಎಂದು ಮೇಸ್ತ್ರಿ ಮಗಳಿಗೆ ಹೇಳಿದ. ಪ್ಲಾಸ್ಟರ್ ಡಬ್ಬಿಯ ಮುಚ್ಚಳ ಬೆಳಗಿನಿಂದ ತೆಗೆದೇ ಇರಲಿಲ್ಲ.

ಎರಡು ತಿಂಗಳ ನಂತರ ಪ್ರೆಸ್ಸಿನ ಹಾಲಿನಲ್ಲಿ, ತಗಡಿನ ದೊಡ್ಡ ತೊಟ್ಟಿಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಹೆಂಡತಿಯೂ ಟವೆಲ್ ಹಿಡಿದುಕೊಂಡು ಬಂದಿದ್ದಳು. "ನನಗೆ ನಂಬಿಕೆ ಗಿಂಬಿಕೆ ಏನಿಲ್ಲ, ನೆಗಡಿ ಆದ್ರೆ ನೋಡ್ಕೊಳ್ಳೋಳು ನಾನೇ ತಾನೆ" ಎಂದು ಪಕ್ಕದವಳಿಗೆ ಹೇಳಿದಳಂತೆ. ನೀರಿನಿಂದ ಎದ್ದು ಬಂದವನ ಹೆಗಲ ಮೇಲೆ ಕೈಯಿಟ್ಟು ಪಾಸ್ಟರು, ಹಳೆಯದೆಲ್ಲ ಹೋಯಿತು, ಇನ್ನು ಇವರು ಕ್ರಿಸ್ತನಲ್ಲಿ ಹೊಸ ಮನುಷ್ಯ, ದೇವರ ಮಗ ಎಂದು ಸಭೆಗೆ ಸಾರಿದರು. ಸೀಟಿ ಇಲ್ಲದೆ ಸಾರಿದರು. ಹೆಂಡತಿ ಆ ಮಾತನ್ನು ಅಲ್ಲೇ ಸೆರಗಿನಲ್ಲಿ ಕಟ್ಟಿಕೊಂಡಳು.

ಮಾರನೆಯ ಬೆಳಿಗ್ಗೆಯೇ ಶುರುವಾಯಿತು.

"ರೀ, ಹೊಸ ಮನುಷ್ಯರೇ, ಹೊಸ ಮನುಷ್ಯರು ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕ್ತಾರಾ?"

ಮೇಸ್ತ್ರಿ ಟವೆಲ್ ತೆಗೆದ.

"ಹಳೆಯದೆಲ್ಲ ಹೋಯ್ತು ಅಂದ್ರಲ್ಲ, ಗೊರಕೆ ಒಂದು ಉಳ್ಕೊಂಡಿದೆ. ಅದನ್ನೂ ವಿಚಾರಿಸಿ."

ಅವನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಹೊಸ ಮನುಷ್ಯನಾಗಿರುವುದು ಇಷ್ಟು ಕಷ್ಟದ ಉದ್ಯೋಗ ಎಂದು ಯಾರೂ ಹೇಳಿರಲಿಲ್ಲ. ವರ್ಕ್‌ಶಾಪಿನಲ್ಲಿ ಇನ್ನೂ ಫಜೀತಿ. ಬೈಗುಳವಿಲ್ಲದೆ ಅವನ ವಾಕ್ಯಗಳು ಅರ್ಧಕ್ಕರ್ಧ ಉದುರಿಹೋಗಿದ್ದವು. "ಆ... ಆ... ಅಳತೆ ಕಳಿಸಿ" ಎಂದು ಫೋನಿನಲ್ಲಿ ತಡವರಿಸುವುದನ್ನು ಕೇಳಿ ಡಾಕ್ಟರು, ಮೇಸ್ತ್ರಿಗೆ ಏನೋ ಪಾರ್ಶ್ವವಾಯು ಬಡಿದಿದೆ ಎಂದುಕೊಂಡು ಓಡಿಬಂದರು.

ಪ್ರಾರ್ಥನೆ ಮಾಡುವುದೂ ಗೊತ್ತಿರಲಿಲ್ಲ. ಬೆಳಿಗ್ಗೆ ಮಗಳು ಬರುವ ಮೊದಲು ಬಾಗಿಲು ಹಾಕಿಕೊಂಡು, ಬೆಂಚಿನ ಮುಂದೆ ಕೈಕಟ್ಟಿ ನಿಂತು, "ಸಾರ್, ನಮಸ್ಕಾರ. ನಾನು, ಮೇಲಿನ ಮಹಡಿ ಹಲ್ಲು ಮೇಸ್ತ್ರಿ" ಎಂದು ಶುರು ಮಾಡುತ್ತಿದ್ದ. ದೊಡ್ಡವರ ಹತ್ತಿರ ಅವನಿಗೆ ಗೊತ್ತಿದ್ದ ಮಾತು ಅದೊಂದೇ. ತಂದೆ ಎನ್ನಬೇಕು ಎಂದು ಪಾಸ್ಟರು ಹೇಳಿಕೊಟ್ಟಿದ್ದರು. ಅದು ಬಾಯಿಗೆ ಬರುತ್ತಿರಲಿಲ್ಲ. ಹಾಗೆ ಕರೆದು ಅಭ್ಯಾಸವಿಲ್ಲದ ನಾಲಿಗೆ.

ಹದಿನೇಳು ದಿನ ಹೀಗೆ ತಡೆದುಕೊಂಡ. ಹದಿನೆಂಟನೆಯ ದಿನ ಮಗಳ ಕೈಜಾರಿ ಒಂದು ಅಚ್ಚು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಹದಿನೇಳು ದಿನದ ಬಾಕಿಯೆಲ್ಲ ಒಟ್ಟಿಗೆ ಹೊರಬಂತು. ಕೆಳಗೆ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದಿದ್ದವರು ಟಪ್ಪೆಂದು ಮುಚ್ಚಿದರು, ಡಾಕ್ಟರ ಬೆರಳು ಒಳಗೇ ಇತ್ತು.

"ಬಂದ್ಯಾ ಅಪ್ಪ? ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದಳು ಮಗಳು. ಆದರೆ ಅವಳ ಕಣ್ಣು ತುಂಬಿತ್ತು. ಅದನ್ನು ಅವನು ಮೊದಲೂ ನೋಡಿರಬೇಕು. ಆದರೆ ಈಗ ಕಂಡ ಹಾಗೆ ಯಾವತ್ತೂ ಕಂಡಿರಲಿಲ್ಲ.

ಅವನು ನೆಟ್ಟಗೆ ಪಾಸ್ಟರ ಮನೆಗೆ ನಡೆದ. ಅವರು ಅಂಗಳದಲ್ಲಿ ಕೂತು, ತಮ್ಮ ಹಲ್ಲಿನ ಹೆಮ್ಮೆಗೆ ಹುರಿದ ಕಡಲೆಕಾಯಿ ತಿನ್ನುತ್ತಿದ್ದರು.

"ನಿಮ್ಮ ದೀಕ್ಷಾಸ್ನಾನ ವಾಪಸ್ ತಗೊಳ್ಳಿ" ಎಂದ ಮೇಸ್ತ್ರಿ. "ನನಗೆ ಹಿಡೀಲಿಲ್ಲ. ಒಂದೇ ಒಗೆತಕ್ಕೆ ಬಣ್ಣ ಬಿಡ್ತು."

ಪಾಸ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಅಚ್ಚು ಒಡೆದಳಲ್ಲ, ಈಗ ಅವಳು ಯಾರ ಮಗಳು?"

"ಇದೆಂಥ ಪ್ರಶ್ನೆ? ನನ್ನ ಮಗಳೇ."

"ಅಚ್ಚು ಒಡೆದ ಮೇಲೂ?"

"ಇಡೀ ವರ್ಕ್‌ಶಾಪು ಸುಟ್ಟುಹಾಕಿದ್ರೂ ನನ್ನ ಮಗಳೇ!"

"ಹಾಗಾದ್ರೆ ನೀವು ಕಿರುಚಿದ ಮೇಲೆ ಯಾರ ಮಗ?"

ಮೇಸ್ತ್ರಿ ಅಂಗಳದಲ್ಲೇ ಕುಕ್ಕರಿಸಿದ.

"ಒಳ್ಳೆ ಮಗ ಆಗೋದಕ್ಕೆ ಇನ್ನೂ ಬೇಕಾದಷ್ಟು ಕೆಲಸ ಇದೆ ಮೇಸ್ತ್ರಿ. ನನಗೂ ಇದೆ, ಎಪ್ಪತ್ತೆರಡಾಯ್ತು. ಆದ್ರೆ ಮಗ ಆಗೋ ಕೆಲಸ ಮುಗಿದಿದೆ. ಅದನ್ನ ನೀವೂ ಮಾಡಿದ್ದಲ್ಲ, ನಾನೂ ಮಾಡಿದ್ದಲ್ಲ. ನೀವು ಇನ್ನೂ ಬಾಗಿಲ ಹೊರಗೆ ನಿಂತು ಕೆಲಸಕ್ಕೆ ತಗೋತಾರಾ ಅಂತ ಕೇಳ್ತಾ ಇದ್ದೀರ. ಒಳಗೆ ಹೋಗಿ, ನಿಮ್ಮನೆ ಅದು. ಮೊದಲು ಮಗಳ ಹತ್ರ ಹೋಗಿ ತಪ್ಪಾಯ್ತು ಅನ್ನಿ. ಕಡಲೆಕಾಯಿ ಬೇಕಾ?"

ತಪ್ಪಾಯ್ತು ಎನ್ನುವುದು ಪ್ರಾರ್ಥನೆಗಿಂತ ಕಷ್ಟವಾಯಿತು. ಮಗಳು ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು. ಆದರೆ ಅವತ್ತು ಸಂಜೆಯವರೆಗೂ ಏನೋ ಗುನುಗುತ್ತಾ ಕೆಲಸ ಮಾಡಿದಳು. ಮೇಸ್ತ್ರಿಗೂ ಮೈ ಹಗುರಾಯಿತು. ಅವನಿಗೆ ಕಷ್ಟ ತಂದದ್ದೂ ಅದೇ. ಒಂದು ತಪ್ಪನ್ನು ಒಪ್ಪಿಕೊಂಡದ್ದೇ ತಡ, ಅದರ ಹಿಂದೆ ಕಾದು ನಿಂತಿದ್ದ ದೊಡ್ಡ ತಪ್ಪು ತಾನಾಗಿ ಮುಂದೆ ಬಂತು.

ಅದು ಭಾವನ ಹಲ್ಲಿನ ವಿಷಯ.

ಅಕ್ಕನ ಗಂಡ ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುತ್ತಿದ್ದವರು. ಆರಡಿ ಎತ್ತರ, ಗಂಟೆಯಂಥ ಕಂಠ. ಗಾಡಿ ತಡವಾಗಿದೆ ಎಂದು ಅವರು ಹೇಳಿದರೆ ಜನಕ್ಕೆ ಬೇಸರವಾಗುವ ಬದಲು ಇನ್ನೊಮ್ಮೆ ಹೇಳಲಿ ಎನಿಸುತ್ತಿತ್ತಂತೆ. ನಿವೃತ್ತರಾದ ವರ್ಷ ಅವರಿಗೆ ಪೂರ್ತಿ ಸೆಟ್ಟು ಬೇಕಾಯಿತು. ಅದೇ ವಾರ ನೆಂಟರ ಗುಂಪಿನಲ್ಲಿ ಯಾರೋ ಮೇಸ್ತ್ರಿಯನ್ನು ಹಲ್ಲಿನ ಡಾಕ್ಟರೆಂದು ಪರಿಚಯಿಸಿದಾಗ ಭಾವ ನಗುತ್ತಾ, "ಡಾಕ್ಟರೆಲ್ಲಿ ಬಂತು, ಬಾಯೊಳಗೆ ಗಾರೆ ಕೆಲಸ ಮಾಡೋನು" ಎಂದಿದ್ದರು. ಎಲ್ಲರೂ ನಕ್ಕಿದ್ದರು.

ಮೂರು ದಿನದ ನಂತರ ಭಾವನ ಬಾಯಿಯ ಅಳತೆ ಮೇಲಿನ ಮಹಡಿಗೆ ಬಂತು. ಅಂಗುಳಿನ ಜಾಗದಲ್ಲಿ ಗಾಳಿಗುಳ್ಳೆ ನಿಂತು ಅಳತೆ ಕೆಟ್ಟಿತ್ತು. ಮೇಸ್ತ್ರಿ ನೋಡಿದ ತಕ್ಷಣ ಗುರುತಿಸಿದ. ಇನ್ನೊಮ್ಮೆ ತೆಗೆಯಿರಿ ಎಂದು ವಾಪಸ್ ಕಳಿಸುವುದು ಎರಡು ನಿಮಿಷದ ಕೆಲಸ. ಅವನು ಕಳಿಸಲಿಲ್ಲ. ಗಾರೆ ಕೆಲಸ ತಾನೆ, ಅನುಭವಿಸಲಿ ಎಂದುಕೊಂಡು ಅದೇ ಅಳತೆಗೆ ಹಲ್ಲು ಕಟ್ಟಿದ.

ತಮ್ಮ ಮಗಳ ಮದುವೆಯಲ್ಲಿ ಭಾವ ಮೈಕು ಹಿಡಿದು, ಇನ್ನೂರು ಜನರ ಮುಂದೆ, ತಮ್ಮ ಪ್ರಸಿದ್ಧ ಕಂಠದಲ್ಲಿ "ಸರ್ವರಿಗೂ ಸ್ವಾಗತ" ಎಂದರು. ಮೇಲಿನ ಸೆಟ್ಟು ಹಾರಿ ಬೀಗರ ಹೂಗುಚ್ಛದೊಳಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಸ್ತ್ರಿ. ಆಮೇಲೆ ಜಗಳವಾದಾಗ, "ನನ್ನ ಕೆಲಸದಲ್ಲಿ ಕೂದಲಷ್ಟೂ ತಪ್ಪಿಲ್ಲ, ನಿಮ್ಮ ದವಡೇನೇ ಸೊಟ್ಟ" ಎಂದು ಅಕ್ಕನ ಎದುರಿಗೇ ಸಾಧಿಸಿದ. ಭಾವ ಆ ಸೆಟ್ಟನ್ನು ಮತ್ತೆ ಹಾಕಲಿಲ್ಲ. ಬೇರೆಯದನ್ನೂ ಕಟ್ಟಿಸಲಿಲ್ಲ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬೇಕಾದಷ್ಟೇ ಮಾತಾಡುವವರಾದರು. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತು ಹನ್ನೊಂದು ವರ್ಷವಾಗಿತ್ತು.

ಈಗ ಬೆಳಿಗ್ಗೆ ಸಾರ್ ಎಂದು ಕೈಕಟ್ಟಿ ನಿಂತರೆ ಸಾಕು, ಕರವಸ್ತ್ರ ಹಿಡಿದ ಭಾವ ಬೆಂಚಿನ ಆಚೆ ಬಂದು ಕೂರುತ್ತಿದ್ದರು. ಒಂದು ವಾರ ಮೇಸ್ತ್ರಿ ಕಂಡೂ ಕಾಣದ ಹಾಗಿದ್ದ. ಎರಡನೇ ವಾರ ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

"ಬೇಕಂತ ಮಾಡಿದ್ರಾ?"

"ಬೇಕಂತಲೇ."

"ಹನ್ನೊಂದು ವರ್ಷ ನಿಮ್ಮ ಪರ ನಾನು ಜಗಳ ಆಡಿದ್ದೀನಿ ಅವರ ಮೇಲೆ!"

ಅವತ್ತು ಅವಳು ಹೊಸ ಮನುಷ್ಯರೇ ಎನ್ನಲಿಲ್ಲ. ಸಂಜೆ ತಟ್ಟೆ ಮುಂದಿಡುವಾಗ ಮಾತ್ರ, "ಹೋಗಿ ಹೇಳ್ತೀರಾ?" ಎಂದಳು. ಹೂಂ ಎಂದ. "ಹೊಡೆದ್ರೆ?" ಎಂದಳು. "ಎತ್ತರ ಇದ್ದಾರೆ, ಬಗ್ಗೋ ಅಷ್ಟರಲ್ಲಿ ತಪ್ಪಿಸ್ಕೋತೀನಿ" ಎಂದ.

ಶನಿವಾರ ಮಧ್ಯಾಹ್ನ ಹೊರಟ. ಅಕ್ಕನ ಮನೆ ಮೂರನೇ ಮಹಡಿ. ಮೊದಲ ಮಹಡಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತ, ಎರಡನೆಯದರಲ್ಲಿ ವಾಪಸ್ ಹೋಗಲು ನಿಂತ. ಯಾರದೋ ಮನೆಯ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿದ್ದವು, ಒಳಗೆ ಮಗು ಒಂದೇ ಸಮ ಯಾರನ್ನೋ ಕರೆಯುತ್ತಿತ್ತು. ಮೇಸ್ತ್ರಿ ಮೆಟ್ಟಿಲ ಕಂಬಿ ಬಿಗಿಯಾಗಿ ಹಿಡಿದುಕೊಂಡ. ಸಾರ್ ಎನ್ನಲು ಹೋದ, ಆದರೆ ಈ ಹೊತ್ತಿಗೆ ಸಾರ್ ಯಾರೂ ಬೇಕಿರಲಿಲ್ಲ.

"ಅಪ್ಪಾ" ಎಂದ, ಮೆಲ್ಲಗೆ. "ನನಗೆ ಭಯ ಆಗ್ತಿದೆ. ಜೊತೆಗೆ ಬಾ."

ಮೆಟ್ಟಿಲ ಮೇಲೆ ಏನೂ ಆಗಲಿಲ್ಲ. ಮಗು ಕರೆಯುತ್ತಲೇ ಇತ್ತು. ಆದರೆ ಒಬ್ಬನೇ ಇದ್ದೇನೆ ಅನಿಸಲಿಲ್ಲ. ಕಾಲು ಎದ್ದವು.

ಅಕ್ಕ ಬಾಗಿಲು ತೆರೆದು, ಅವನನ್ನು ನೋಡಿ, ಎದೆ ಮುಟ್ಟಿಕೊಂಡಳು. "ಯಾರು ಹೋದ್ರೋ?"

"ಯಾರೂ ಹೋಗಿಲ್ಲ ಅಕ್ಕ. ಭಾವನ್ನ ನೋಡೋಕೆ ಬಂದೆ."

ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ. ಭಾವ ಕಿಟಕಿಯ ಪಕ್ಕ ಪೇಪರು ಓದುತ್ತಿದ್ದರು. ಇವನನ್ನು ಕಂಡು ಕರವಸ್ತ್ರ ಬಾಯಿಗೆ ಹೋಯಿತು. ಮೇಸ್ತ್ರಿ ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಭಾವ, ಅಳತೆ ಕೆಟ್ಟಿತ್ತು. ನನಗೆ ಕಂಡಿತ್ತು. ಸಿಟ್ಟಿಗೆ ಬೇಕಂತಲೇ ಹಾಗೇ ಕಟ್ಟಿದೆ. ಆಮೇಲೆ ಸುಳ್ಳು ಹೇಳಿದೆ. ನಿಮ್ಮ ದವಡೆ ಸೊಟ್ಟ ಇಲ್ಲ, ಯಾವತ್ತೂ ಇರಲಿಲ್ಲ. ನನ್ನದು ತಪ್ಪಾಯ್ತು, ಕ್ಷಮಿಸಿ."

ಭಾವ ಪೇಪರು ಮಡಿಸಿದರು. ಇನ್ನೊಮ್ಮೆ ಮಡಿಸಿದರು. ಕರವಸ್ತ್ರ ತೊಡೆಯ ಮೇಲೆ ಬಿತ್ತು. "ಸೊಟ್ಟ ಇಲ್ವಾ?"

"ಇಲ್ಲ ಭಾವ."

"ಹನ್ನೊಂದು ವರ್ಷ" ಎಂದರು ಭಾವ, ಬೊಚ್ಚುಬಾಯಿಯಲ್ಲಿ ಮಾತು ಜಾರುತ್ತಿತ್ತು. "ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಗಡ್ಡ ಮಾಡುವಾಗ ಕನ್ನಡೀಲಿ ಆ ಕಡೆಯಿಂದ ಒಂದ್ಸಲ, ಈ ಕಡೆಯಿಂದ ಒಂದ್ಸಲ ನೋಡ್ಕೊಂಡಿದ್ದೀನಿ. ಮೊಮ್ಮಗು ಹುಟ್ಟಿದಾಗ ಮೊದಲು ಅದರ ದವಡೆ ನೋಡ್ದೆ. ನನ್ನ ಹಾಗೆ ಆಗಿದ್ಯಾ ಅಂತ." ಆಮೇಲೆ ಧ್ವನಿ ಏರಿತು. ಹಲ್ಲಿಲ್ಲದಿದ್ದರೂ ಅದು ನಿಲ್ದಾಣದ ಧ್ವನಿಯೇ. "ನಡಿ ಹೊರಗೆ!"

"ಭಾವ..."

"ನೀನು ತೊಟ್ಟೀಲಿ ಮುಳುಗೆದ್ದ ಸುದ್ದಿ ನಮಗೂ ಬಂದಿದೆ. ನಿನ್ನ ದೇವರು ಕ್ಷಮಿಸಿರಬಹುದು, ಅವನಿಗೆ ಬೇರೆ ಕೆಲಸ ಇರಲ್ಲ. ನನಗೆ ಯೋಚ್ನೆ ಮಾಡೋಕೆ ಟೈಮ್ ಬೇಕು. ನಡಿ!"

ಮೇಸ್ತ್ರಿ ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಇಳಿದ. ಅರ್ಧ ದಾರಿ ಬಂದ ಮೇಲೆ ಪ್ರತಿ ಹೆಜ್ಜೆಗೂ ಪಟ್ ಪಟ್ ಎಂದು ಸದ್ದಾಗುತ್ತಿರುವುದು ಯಾಕೆ ಎಂದು ನೋಡಿದರೆ, ಭಾವನ ಚಪ್ಪಲಿ. ಮುಂದೆ ಒಂದು ಮಗು ಕೂರುವಷ್ಟು ಜಾಗ ಉಳಿದಿತ್ತು. ವಾಪಸ್ ಹೋಗಲು ಧೈರ್ಯವಾಗಲಿಲ್ಲ.

ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿದಳು, ಕಾಲು ನೋಡಿದಳು. "ಕ್ಷಮೆ ಕೇಳೋಕೆ ಹೋದವರು ಚಪ್ಪಲಿ ಕದ್ದುಕೊಂಡು ಬಂದ್ರಾ?" ಎಂದಳು. ನಗು ತಡೆಯಲಾರದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಸ್ತ್ರಿಗೂ ನಗು ಬಂತು. ಬೈಸಿಕೊಂಡು ಬಂದ ದಿನ ಇಷ್ಟು ನಗು ಎಲ್ಲಿಂದ ಬರುತ್ತದೆ ಎಂದು ಅವನಿಗೇ ಆಶ್ಚರ್ಯ.

ಬುಧವಾರ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ವಿಚಿತ್ರ ಹೆಜ್ಜೆ ಕೇಳಿಸಿತು. ಭಾವ. ಮೇಸ್ತ್ರಿಯ ಪುಟ್ಟ ಚಪ್ಪಲಿಯಲ್ಲಿ ಅರ್ಧ ಪಾದ ತುರುಕಿ, ಹಿಮ್ಮಡಿ ಹೊರಗೆ ಬಿಟ್ಟುಕೊಂಡು, ತುದಿಗಾಲಲ್ಲಿ ಬಂದಿದ್ದರು. ಆರಡಿಯ ಮನುಷ್ಯ ಇನ್ನೂ ಎತ್ತರವಾಗಿ ಕಂಡರು.

"ನನ್ನ ಚಪ್ಪಲಿ" ಎಂದರು.

ಮಗಳು ತಂದಿಟ್ಟಳು. ಭಾವ ಹಾಕಿಕೊಂಡರು. ಹೋಗಲಿಲ್ಲ. ಸಾಲಾಗಿ ಇಟ್ಟಿದ್ದ ಪ್ಲಾಸ್ಟರ್ ಬಾಯಿಗಳನ್ನು ನೋಡುತ್ತಾ ನಿಂತರು.

"ಬರೆದು ಕೊಡು" ಎಂದರು ಕೊನೆಗೆ.

"ಏನು ಭಾವ?"

"ನನ್ನ ದವಡೆ ನೆಟ್ಟಗಿದೆ ಅಂತ."

ಮೇಸ್ತ್ರಿ ವರ್ಕ್‌ಶಾಪಿನ ಹೆಸರಿದ್ದ ಹಾಳೆ ತೆಗೆದು ಬರೆದ: ಇವರ ದವಡೆ ನೆಟ್ಟಗಿದೆ. ಹನ್ನೊಂದು ವರ್ಷದ ಹಿಂದೆ ತಪ್ಪು ಮಾಡಿದವನು ನಾನು. ಗೊತ್ತಿದ್ದೇ ಮಾಡಿದೆ, ಆಮೇಲೆ ಸುಳ್ಳು ಹೇಳಿದೆ. ಕೆಳಗೆ ಸಹಿ ಹಾಕಿದ. "ಸೀಲು?" ಎಂದರು ಭಾವ. ಮಗಳು ಸೀಲು ಒತ್ತಿದಳು. ಭಾವ ಎರಡು ಸಲ ಓದಿ, ಜೇಬಿನಲ್ಲಿಟ್ಟುಕೊಂಡು ಇಳಿದುಹೋದರು.

ಆ ಹಾಳೆ ಎಲ್ಲೆಲ್ಲಿ ಹೋಯಿತು ಎಂಬುದು ಮುಂದಿನ ವಾರ ಫೋನು ಬರತೊಡಗಿದಾಗ ತಿಳಿಯಿತು. ಭಾವ ಅದನ್ನು ಮಡಿಸಿ ಇಟ್ಟುಕೊಂಡು, ನೆಂಟರ ಮನೆಮನೆಗೂ ಹೋಗಿ ತೋರಿಸಿದ್ದರು. ಹಳೆಯ ಸಹೋದ್ಯೋಗಿಗಳಿಗೆ ತೋರಿಸಿದ್ದರು. ಬೀಗರಿಗಂತೂ ಒಂದು ನಕಲೇ ಕೊಟ್ಟಿದ್ದರು. ಚಿಕ್ಕಪ್ಪ ಬೈದರು. ಸೋದರತ್ತೆ ಬೈದು, ಅತ್ತು, ಮತ್ತೆ ಬೈದರು. ಯಾರೋ ದೂರದ ನೆಂಟರು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾತಾಡದವರು, ಬೈಯುವುದಕ್ಕೆಂದೇ ನಂಬರು ಹುಡುಕಿ ಮಾಡಿದರು. ಮೇಸ್ತ್ರಿ ಪ್ರತಿಯೊಬ್ಬರಿಗೂ "ಹೌದು, ನನ್ನದೇ ತಪ್ಪು" ಎಂದ.

ಕೊನೆಗೆ ಸಹನೆ ಕೆಟ್ಟದ್ದು ಹೆಂಡತಿಗೆ. "ಸಾಕು ಮಾಡಿ ಈ ಹೌದು ಹೌದು! ಒಂದ್ಸಲ ತಿರುಗಿಸಿ ಬೈರಿ! ನಿಮಗೆ ಸಿಟ್ಟೇ ಬರಲ್ವಾ?"

"ಬರುತ್ತೆ."

"ಮತ್ತೆ?"

ಮೇಸ್ತ್ರಿ ಯೋಚಿಸಿದ. ಇಂಥ ಮಾತಿಗೆ ಅವನ ಹತ್ತಿರ ಸಾಧನ ಸಾಮಗ್ರಿ ಕಡಿಮೆ. "ಮೊದಲು, ಒಳ್ಳೆ ಕೆಲಸಗಾರ ಅನ್ನೋ ಹೆಸರು ಒಂದೇ ಇತ್ತು ನನ್ನ ಹತ್ರ. ಅದು ಹೋದ್ರೆ ನಾನು ಯಾರೂ ಅಲ್ಲ. ಅದಕ್ಕೇ ಸುಳ್ಳು ಹೇಳಿದ್ದು. ಈಗ ಅದು ಹೋದ್ರೂ... ಅಪ್ಪ ಇದ್ದಾನೆ ಅನ್ನೋ ಹಾಗೆ ಇದೆ ಕಣೆ. ಅವನಿಗೆ ಎಲ್ಲಾ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕರೆದ."

ಫೋನು ಮತ್ತೆ ಹೊಡೆದುಕೊಂಡಾಗ ಹೆಂಡತಿಯೇ ಎತ್ತಿ, "ಬೈಯೋದಕ್ಕಾದ್ರೆ ಕ್ಯೂನಲ್ಲಿ ನಿಲ್ಲಿ" ಎಂದು ಇಟ್ಟಳು.

ಒಂದು ತಿಂಗಳು ಕಳೆದ ಮೇಲೆ ಭಾವ ಮತ್ತೆ ಬಂದರು. ತೋರಿಸಲು ಇನ್ನು ಯಾರೂ ಉಳಿದಿರಲಿಲ್ಲ ಅನಿಸುತ್ತದೆ. ಕೆಳಗೆ ಡಾಕ್ಟರ ಹತ್ತಿರ ಅಳತೆ ಕೊಟ್ಟೇ ಬಂದಿದ್ದರು. ಮೇಲೆ ಬಂದು ಕುರ್ಚಿಯಲ್ಲಿ ಕೂತು, "ಕಟ್ಟು, ನೋಡೋಣ" ಎಂದರು. ಮೇಸ್ತ್ರಿ ಜೀವ ಒತ್ತೆಯಿಟ್ಟು ಕಟ್ಟಿದ. ಮೇಲಿನ ಸೆಟ್ಟು ಹಾಕಿಕೊಂಡು ಭಾವ, ಮುಂದಿನ ಹಲ್ಲು ತೀರಾ ಬಿಳಿ ಎಂದರು. ಬದಲಾಯಿಸಿದ. ತೀರಾ ಹಳದಿ ಎಂದರು. ಬದಲಾಯಿಸಿದ. ಒಂದು ಹಲ್ಲು ತಮ್ಮನ್ನು ನೋಡಿ ನಗುತ್ತಿದೆ ಎಂದರು. ಅದನ್ನೂ ಬದಲಾಯಿಸಿದ. ನಾಲ್ಕನೆಯ ಸಲ ಕನ್ನಡಿ ಹಿಡಿದು, ಆ ಕಡೆ ಈ ಕಡೆ ತಿರುಗಿ, "ಎಲ್ಲ ಸರಿ, ಆದ್ರೆ ಗಾರೆ ಕೆಲಸದ ಹಾಗೆ ಕಾಣುತ್ತೆ" ಎಂದರು.

ಮೇಸ್ತ್ರಿ ಸಿಡಿದ. ಕೆಳಗೆ ಡಾಕ್ಟರು ಬೆರಳು ಹೊರಗೆ ತೆಗೆದರು. "ಬಾಯಿ ಅಂದ್ರೆ ಬಾಯೇನ್ರೀ ಅದು? ಮೂವತ್ತೈದು ವರ್ಷದಲ್ಲಿ ಇಂಥ ಸೆಟ್ಟು ನಾನು ಯಾರಿಗೂ ಕಟ್ಟಿಲ್ಲ! ಇಷ್ಟವಿದ್ರೆ ಹಾಕ್ಕೊಳ್ಳಿ, ಇಲ್ಲಾಂದ್ರೆ..." ಎನ್ನುತ್ತಿದ್ದವನು ತನ್ನ ಧ್ವನಿ ತಾನೇ ಕೇಳಿಸಿಕೊಂಡು ನಿಂತ. ಕಿವಿ ಕೆಂಪಾಯಿತು. ಸ್ಟೂಲಿನ ಮೇಲೆ ಕೂತ. "ತಪ್ಪಾಯ್ತು ಭಾವ. ಕೂಗಬಾರದಿತ್ತು. ಕೊಡಿ, ಮತ್ತೆ ನೋಡ್ತೀನಿ."

ಭಾವನ ಮುಖದಲ್ಲಿ ಒಂದು ತಿಂಗಳಿಂದ ಬಿಗಿದಿದ್ದದ್ದು ಸಡಿಲವಾಯಿತು. ಹೊಸ ಮೇಲಿನ ಸೆಟ್ಟು ತೋರಿಸಿ ನಕ್ಕರು.

"ಕೂಗಿದವನು ನನಗೆ ಗೊತ್ತು. ಅವನು ನನ್ನ ಭಾಮೈದ. ಅವನನ್ನ ಒಂದ್ಸಲ ನೋಡೋಣ ಅಂತಲೇ ನಾಲ್ಕು ಸಲ ಬಂದೆ. ಆದ್ರೆ ಆಮೇಲೆ ಕೂತು ತಪ್ಪಾಯ್ತು ಅಂದನಲ್ಲ, ಅವನು ಯಾರು? ಅವತ್ತು ಮನೆಗೆ ಬಂದಾಗಲೂ ಅವನೇ ಬಂದಿದ್ದ ಅನ್ಸುತ್ತೆ. ನನಗೆ ಪರಿಚಯ ಇಲ್ಲ."

"ನನಗೂ ಈಗೀಗ ಪರಿಚಯ ಭಾವ" ಎಂದ ಮೇಸ್ತ್ರಿ.

"ಹಾಗಾದ್ರೆ ಕ್ಷಮಿಸಿದ್ರಾ ಮಾವ?" ಎಂದಳು ಮಗಳು, ಬೇಕೆಂದೇ.

ಭಾವ ಕನ್ನಡಿ ಕೆಳಗಿಟ್ಟು ಗಂಭೀರವಾದರು. "ಮೇಲಿನ ಸೆಟ್ಟಿನ ಮಟ್ಟಿಗೆ ಕ್ಷಮಿಸಿದ್ದೀನಿ. ಕೆಳಗಿನದ್ದು ಬರಲಿ, ನೋಡೋಣ."

ಕೆಳಗಿನದ್ದು ಎರಡು ವಾರ ಹಿಡಿಯಿತು. ಅದು ಬಾಯಲ್ಲಿ ಕೂತ ಮೇಲೆ ಭಾವ ಕ್ಷಮೆಯ ವಿಷಯ ಎತ್ತಲಿಲ್ಲ. ಜೇಬಿನಿಂದ ಆ ಹಾಳೆ ತೆಗೆದು, ಹರಿಯುತ್ತಾರೇನೋ ಎಂದು ಮೇಸ್ತ್ರಿ ನೋಡುತ್ತಿದ್ದ ಹಾಗೇ, ಅದನ್ನು ಮತ್ತೆ ಜೇಬಿನಲ್ಲೇ ಇಟ್ಟುಕೊಂಡರು. "ಇರಲಿ, ಬೇಕಾಗುತ್ತೆ" ಎಂದರು. ಮೆಟ್ಟಿಲಿಳಿಯುವಾಗ ಮಾತ್ರ ತಿರುಗಿ, ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ, ನಿನ್ನ ಅಕ್ಕ ಹೇಳಿದ್ದಾಳೆ ಎಂದರು. ಸಭೆ ಮುಗಿಸಿ ಬರುತ್ತೇವೆ ಎಂದ ಮೇಸ್ತ್ರಿ.

ಅದಾದ ಹತ್ತು ದಿನಕ್ಕೆ ಅಕ್ಕನ ಫೋನು ಬಂತು.

"ಏನೋ ಮಾಡಿಟ್ಟೆ ನೀನು? ಹನ್ನೊಂದು ವರ್ಷ ನೆಮ್ಮದಿಯಾಗಿದ್ದೆ ಕಣೋ. ಈಗ ಬೆಳಿಗ್ಗೆ ಎದ್ದಾಗಿನಿಂದ ಒಂದೇ ಸಮ ಮಾತು. ಅಡುಗೆಮನೆಗೆ ಹೋದ್ರೆ ಹಿಂದೇನೇ ಬರ್ತಾರೆ. ಪೇಪರ್ ಜೋರಾಗಿ ಓದಿ ಹೇಳ್ತಾರೆ, ನಾನು ಓದಿ ಆಗಿದ್ರೂ ಓದಿ ಹೇಳ್ತಾರೆ."

"ನಾನೇನು ಮಾಡ್ಲಿ ಅಕ್ಕ?"

"ಏನೂ ಮಾಡಬೇಡ" ಎಂದಳು ಅಕ್ಕ. ಆ ಕಡೆಯಿಂದ ಅವಳು ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ಸುಮ್ಮನೆ ಹೇಳೋಣ ಅಂತ ಮಾಡ್ದೆ. ಇರು, ಕರೀತಿದ್ದಾರೆ."